ಪಾಚಿಯಲ್ಲಿ ಎಷ್ಟು ಎಣ್ಣೆ, ಎಷ್ಟು ಪ್ರೋಟೀನ್?

"ಈ ಪಾಚಿಯಲ್ಲಿ ಶೇ. 50ರಷ್ಟು ಎಣ್ಣೆ ಇದೆಯಂತೆ, ಇಂಧನ ತೆಗೆಯುವ ಘಟಕ ಹಾಕಬಹುದಾ?" ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಇಷ್ಟೇ: ಒಂದು ಚದರ ಮೀಟರ್ ಕೊಳದಲ್ಲಿ ದಿನಕ್ಕೆ ಎಷ್ಟು ಗ್ರಾಂ ಎಣ್ಣೆ ಬರುತ್ತದೆ? ಶೇಕಡಾ ಲೆಕ್ಕ ನಂಬಿ ಕೂತರೆ ಕೆಲಸ ಕೆಡುತ್ತದೆ. ಪಾಚಿ ಎಣ್ಣೆ ತುಂಬಿಕೊಳ್ಳುವುದು ಹೆಚ್ಚಾಗಿ ಸಾರಜನಕ ಸಿಗದೆ ಒದ್ದಾಡುವಾಗ. ಆಗ ಅದು ಬೆಳೆಯುವುದೇ ಕಡಿಮೆ. ಎಣ್ಣೆಯ ಪಾಲು ಏರುತ್ತದೆ, ಒಟ್ಟು ಬೆಳೆ ಇಳಿಯುತ್ತದೆ.

ಅದಕ್ಕಿಂತ ದೊಡ್ಡ ತಲೆನೋವು ನೀರು. ತೆರೆದ ಕೊಳದ ಒಂದು ಲೀಟರ್ ನೀರಿನಲ್ಲಿ ಒಣ ಪಾಚಿ ಸುಮಾರು ಅರ್ಧದಿಂದ ಒಂದು ಗ್ರಾಂ ಅಷ್ಟೇ. ಸೋಸಿ ಹಿಂಡಿ ಮುದ್ದೆ ಮಾಡಿದರೂ ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಒಂದು ಕಿಲೋ ಒಣ ಪಾಚಿ ಬೇಕೆಂದರೆ ನಾಲ್ಕು ಕಿಲೋ ನೀರನ್ನು ಆವಿ ಮಾಡಬೇಕು, ಅದಕ್ಕೆ ಸುಮಾರು 9 ಮೆಗಾಜೂಲ್ ಶಾಖ. ಆ ಒಂದು ಕಿಲೋದಲ್ಲಿ ಕಾಲು ಭಾಗ ಎಣ್ಣೆ ಇದ್ದರೆ ಅದರಿಂದ ಸಿಗುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ! ಒದ್ದೆ ಪಾಚಿಯಿಂದಲೇ ಇಂಧನ ತೆಗೆಯುವ ದಾರಿಗಳನ್ನು ಹುಡುಕುತ್ತಿರುವುದು ಇದೇ ಕಾರಣಕ್ಕೆ. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಪಾಚಿ ಇಂಧನದ ಮೇಲೆ ಸಂಶೋಧನೆ ನಡೆಸಿ ನಿಲ್ಲಿಸಿತು. 2009ರಲ್ಲಿ ದೊಡ್ಡ ಮಟ್ಟದಲ್ಲಿ ಕೈಹಾಕಿದ ತೈಲ ಕಂಪನಿ ಎಕ್ಸಾನ್‌ಮೊಬಿಲ್ ಕೂಡ ಕೊನೆಗೆ ಹಿಂದೆ ಸರಿಯಿತು.

ತಿನ್ನುವ ಪಾಚಿಯ ಕಥೆ ಬೇರೆ. ಪುಡಿ, ಮಾತ್ರೆಯಾಗಿ ಮಾರುವ ಸ್ಪಿರುಲಿನಾ ನಿಜಕ್ಕೂ ಸೈನೋಬ್ಯಾಕ್ಟೀರಿಯಾ, ಅಂದರೆ ನೀಲಿ-ಹಸಿರು ಪಾಚಿ ಎಂದು ಕರೆಯುವ ಬ್ಯಾಕ್ಟೀರಿಯಾ. ಕ್ಲೋರೆಲ್ಲಾ ಎಂಬ ಹಸಿರು ಪಾಚಿಗೆ ಇರುವಂಥ ಗಟ್ಟಿ ಕೋಶಭಿತ್ತಿ ಅದಕ್ಕಿಲ್ಲ, ಸುಲಭವಾಗಿ ಜೀರ್ಣವಾಗುತ್ತದೆ. ಪಿಹೆಚ್ 9–10ರ ಕ್ಷಾರ ನೀರಿನಲ್ಲೂ ಬೆಳೆಯುವುದರಿಂದ ಬೇರೆ ಜೀವಿಗಳ ಕಾಟ ಕಡಿಮೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ದಶಕಗಳಿಂದ ಇದರ ಮೇಲೆ ಕೆಲಸ ಮಾಡಿದೆ, ಅವರ ಸ್ಪಿರುಲಿನಾ ಚಿಕ್ಕಿ ನನಗೆ ತುಂಬಾ ಮೆಚ್ಚುಗೆಯಾದ ಕೆಲಸ.

ಆದರೆ "ಶೇ. 60 ಪ್ರೋಟೀನ್" ಎಂಬ ಲೇಬಲ್ ಬಗ್ಗೆ ಎಚ್ಚರ. ಸಾಮಾನ್ಯವಾಗಿ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಪಾಚಿಯ ಸಾರಜನಕವೆಲ್ಲ ಪ್ರೋಟೀನ್ ಅಲ್ಲ, ಹಾಗಾಗಿ ಲೆಕ್ಕ ಜಾಸ್ತಿ ಬರುತ್ತದೆ. ಅದೂ ಅಲ್ಲದೆ ನಾವು ತಿನ್ನುವುದು ಒಂದು ಟೀ ಚಮಚ, ಅಲ್ವಾ? ಅದರಲ್ಲಿ ಎರಡು ಗ್ರಾಂ ಪ್ರೋಟೀನೂ ಇರುವುದಿಲ್ಲ, ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಇದೆ. ಸ್ಪಿರುಲಿನಾದ ನಿಜವಾದ ಬೆಲೆ ಇರುವುದು ಕಬ್ಬಿಣ ಮತ್ತು ಬೀಟಾ ಕೆರೋಟಿನ್‌ನಲ್ಲಿ. ಸಸ್ಯಾಹಾರಿಗಳು ಬಿ12ಗಾಗಿ ಇದನ್ನು ನಂಬಬೇಡಿ. ಅದರಲ್ಲಿರುವ ಬಹುಪಾಲು ಬಿ12 ನಮ್ಮ ದೇಹಕ್ಕೆ ಬಳಕೆಗೆ ಬರುವುದಿಲ್ಲ.

ಕೊಳಚೆ ನೀರು ಸೇರಿ ಹಸಿರುಗಟ್ಟಿದ ಕೆರೆಯ ಪಾಚಿಯನ್ನಂತೂ ಬಾಯಿಗೆ, ದನದ ಮೇವಿಗೆ ತರಲೇಬೇಡಿ. ಅಲ್ಲಿ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ ಇದ್ದರೆ ಯಕೃತ್ತಿಗೆ ಹಾನಿ ಮಾಡುವ ಮೈಕ್ರೋಸಿಸ್ಟಿನ್ ಎಂಬ ವಿಷ ಇರಬಹುದು, ಕುದಿಸಿದರೂ ಅದು ಹೋಗುವುದಿಲ್ಲ. ಅಂಗಡಿಯ ಸ್ಪಿರುಲಿನಾ ಕೊಳ್ಳುವವರೂ ಮೈಕ್ರೋಸಿಸ್ಟಿನ್, ಸೀಸ, ಆರ್ಸೆನಿಕ್ ಪರೀಕ್ಷೆಯ ವರದಿ ಕೇಳಿ. ಆ ವರದಿ ನಿಮ್ಮ ಕೈಯಲ್ಲಿರುವ ಬ್ಯಾಚಿನದ್ದೇ ಆಗಿರಬೇಕು.