ಗಿಡ ಒಣಗಿದರೆ ಕಳೆ ಹೋದಂತಲ್ಲ

ಮೇ ತಿಂಗಳ ಮಳೆ ಬಿದ್ದು ಒಂದೂವರೆ ತಿಂಗಳಾದ ಮೇಲೆ ನನಗೆ ಫೋನ್ ಬರಲು ಶುರುವಾಗುತ್ತದೆ. ತುಮಕೂರಿನ ಶೆಟ್ಟಿಹಳ್ಳಿ, ಬಟವಾಡಿ, ಕ್ಯಾತ್ಸಂದ್ರ, ಎಲ್ಲಿಂದ ಬಂದರೂ ಮಾತು ಒಂದೇ. “ಸಾರ್, ಫುಟ್‌ಪಾತ್ ತುಂಬ ಕಾಂಗ್ರೆಸ್ ಗಿಡ. ಯಾವ ಔಷಧಿ ಹೊಡೆಸೋಣ?”

ಹೂ ಬಂದಿದೆಯಾ ಅಂತ ಕೇಳುತ್ತೇನೆ.

“ಹೂಂ ಸಾರ್, ಬೆಳ್ಳಗೆ ತುಂಬ್ಕೊಂಡಿದೆ.”

ನನಗೆ ಬೇಜಾರಾಗುವುದು ಇಲ್ಲೇ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಮೊಳೆತು ಒಂದು ತಿಂಗಳಿಗೇ ಹೂ ಬಿಡಬಲ್ಲದು. ಚೆನ್ನಾಗಿ ಬೆಳೆದ ಒಂದೇ ಗಿಡ 15,000 ಬೀಜ ಉದುರಿಸಬಹುದು. ಬೆಳ್ಳಗೆ ಕಂಡಾಗ ಫೋನ್ ಮಾಡುವವರು ಮುಂದಿನ ಬೆಳೆಗೆ ಬಿತ್ತನೆ ಮುಗಿದ ಮೇಲೆ ಫೋನ್ ಮಾಡಿದ ಹಾಗೆ.

ಎರಡು ವರ್ಷದ ಹಿಂದೆ ಒಂದು ಬಡಾವಣೆಯವರು ನನ್ನನ್ನು ಕೇಳದೆ ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆಸಿದ್ದರು. ಹತ್ತು ದಿನಕ್ಕೆ ಎಲ್ಲ ಒಣಗಿತು, ಖುಷಿಯಾದರು. ನಾಲ್ಕನೇ ವಾರಕ್ಕೆ ಮತ್ತೆ ಹಸಿರು. ಸಂಘದ ಅಧ್ಯಕ್ಷರು ನಿವೃತ್ತ ಮೇಷ್ಟ್ರು, ಒಳ್ಳೆಯ ಮನುಷ್ಯ. “ಅಂಗಡಿಯವನು ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾನೆ ಸಾರ್” ಅಂತ ಕೋಪದಲ್ಲಿದ್ದರು. ಅಂಗಡಿಯವನದು ತಪ್ಪಿರಲಿಲ್ಲ. ಔಷಧಿ ತನ್ನ ಕೆಲಸ ಮಾಡಿತ್ತು. ಇವರು ಕೇಳಿದ್ದು ಅದರ ಕೈಲಾಗದ ಕೆಲಸ.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಗ್ಲೈಫೋಸೇಟ್ ಒಳಗೆ ಇಳಿಯುವುದು ಹಸಿರು ಎಲೆಯ ಮೂಲಕ. ಮಣ್ಣಿಗೆ ಬಿದ್ದರೆ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ, ಬೀಜಕ್ಕೆ ಏನೂ ಮಾಡುವುದಿಲ್ಲ. ಮೇಲಿನ ಗಿಡ ಸತ್ತಿತು, ಅಷ್ಟೇ. ಕೆಳಗೆ ಟೈಲ್ಸ್ ಸಂದಿಯಲ್ಲಿ ಸಾವಿರಾರು ಬೀಜ ಹಾಗೇ ಕೂತಿರುತ್ತವೆ. ಒಂದು ಮಳೆ ಬಂದರೆ ಒಂದಿಷ್ಟು ಏಳುತ್ತವೆ, ಮಿಕ್ಕವು ಮುಂದಿನ ಮಳೆಗೆ, ಕೆಲವು ಮುಂದಿನ ವರ್ಷಕ್ಕೆ. ಮತ್ತೆ ಹೊಡೆಸಿದರೆ ಮತ್ತೆ ಮೇಲಿನದ್ದೇ ಸಾಯುತ್ತದೆ. ಬೀಜ ಬೀಳದಂತೆ ನೋಡಿಕೊಳ್ಳುವವರೆಗೆ ಈ ಲೆಕ್ಕ ಮುಗಿಯುವುದಿಲ್ಲ.

ನಮ್ಮ ಊರಲ್ಲಿ ಇನ್ನೂ ಎರಡು ತೊಂದರೆ ಇದೆ. ಬಿ.ಎಚ್. ರಸ್ತೆಯಂಥ ಕಡೆ ಎಲೆ ಮೇಲೆ ಧೂಳು ದಪ್ಪಗೆ ಕೂತಿರುತ್ತದೆ. ಔಷಧಿ ಆ ಧೂಳಿಗೇ ಅಂಟಿ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕಲಸಿದರೂ ಹಾಗೇ, ನೀರಿನ ಸುಣ್ಣದ ಅಂಶ ಅದನ್ನು ಹಿಡಿದುಕೊಳ್ಳುತ್ತದೆ. ಸಾಯಲಿಲ್ಲ ಅಂತ ಜನ ಅಳತೆ ಜಾಸ್ತಿ ಮಾಡುತ್ತಾರೆ. ದಯವಿಟ್ಟು ಅದು ಬೇಡ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶ, ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರೇ ಹೊಡೆಯಬೇಕು ಎಂದಿತು. ಪಂಪು ಬಾಡಿಗೆಗೆ ತಂದು ಮನೆಯ ಹುಡುಗನ ಕೈಗೆ ಕೊಡುವ ವಸ್ತು ಅಲ್ಲ ಅದು.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಒಬ್ಬ ಅಜ್ಜಿ. ಅದೇ ಬಡಾವಣೆಯಲ್ಲಿ ಔಷಧಿ ಹೊಡೆದ ಮಾರನೇ ದಿನವೇ ಚರಂಡಿ ಪಕ್ಕ ಕೂತು ಬೆರಕೆ ಸೊಪ್ಪು ಕೀಳುತ್ತಿದ್ದರಂತೆ. ಮೇಷ್ಟ್ರ ಹೆಂಡತಿಯೇ ನೋಡಿ ಹೇಳಿದ್ದು. ಮುಂದಿನ ಸಲ ಹೋದಾಗ ಅಜ್ಜಿಯೇ ಸಿಕ್ಕರು. ಮಡಿಲಲ್ಲಿ ದೊಡ್ಡಗೋಣಿ, ಹೊನಗೊನೆ, ಅಣ್ಣೆ ಸೊಪ್ಪು. “ಬಸ್ಸಾರಿಗೆ ಕಣಪ್ಪಾ. ವಿಷ ಹೊಡ್ದವ್ರೆ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?” ಅಂದರು. ಹೊಡೆದ ದಿನ ಎಲೆ ಹಸಿರಾಗೇ ಇರುತ್ತದೆ, ಬಾಡಲು ಸುಮಾರು ದಿನ ಬೇಕು. ಅಜ್ಜಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಫುಟ್‌ಪಾತ್‌ನಲ್ಲಿ ಬೆಳೆಯುವುದನ್ನು ತಿನ್ನುವ ಮನೆಗಳು ತುಮಕೂರಲ್ಲಿ ಇನ್ನೂ ಇವೆ. ಹಸು, ಮೇಕೆ ಇವೆ. ಆವತ್ತಿನಿಂದ ಜನ ಓಡಾಡುವ ಜಾಗಕ್ಕೆ ಔಷಧಿ ಬರೆದುಕೊಡುವುದನ್ನು ನಾನು ನಿಲ್ಲಿಸಿದೆ.

ಕೆಲವರು ಔಷಧಿ ಬೇಡ ಅಂತ ಕಲ್ಲುಪ್ಪು ಸುರಿಯುತ್ತಾರೆ. ಪಕ್ಕದ ಹೊಂಗೆ ಮರದ ಬೇರಿಗೆ ಅದೇ ಕುತ್ತು. ಬೇಡ.

ನಾನು ಹೇಳುವುದು ಕೈಯಲ್ಲಿ ಕೀಳಿ, ಹೂ ಬರುವ ಮೊದಲು ಕೀಳಿ. ಮಳೆ ನಿಂತ ಮಾರನೇ ಬೆಳಿಗ್ಗೆ ಮಣ್ಣು ಮೆತ್ತಗಿರುತ್ತದೆ, ಬೇರು ಸಮೇತ ಬರುತ್ತದೆ. ಕೈಗವಸು, ತುಂಬು ತೋಳಿನ ಅಂಗಿ, ಮೂಗಿಗೆ ಮಾಸ್ಕ್ ಇರಲೇಬೇಕು. ಪಾರ್ಥೇನಿಯಂ ತಾಗಿದರೆ ಕೆಲವರಿಗೆ ಚರ್ಮ ಕೆರಳುತ್ತದೆ, ಉಬ್ಬಸ ಇರುವವರಿಗೆ ಇನ್ನೂ ಕಷ್ಟ. ಅಂಥವರು ದೂರ ಇರಲಿ. ಪೌರಕಾರ್ಮಿಕರಿಂದ ಕೀಳಿಸುವುದಾದರೆ ಕೈಗವಸು ಮೊದಲು ಕೊಡಿ, ಆಮೇಲೆ ಕೆಲಸ ಹೇಳಿ. ಹೂ ಬಂದ ಗಿಡವನ್ನು ಚರಂಡಿಗೆ ಹಾಕಬೇಡಿ, ನೀರಿನ ಜೊತೆ ಬೀಜ ಊರೆಲ್ಲ ಸುತ್ತುತ್ತದೆ. ಚೀಲದಲ್ಲಿ ಕಟ್ಟಿ ಬೇರೆ ಮಾಡಿ.

ಕಿತ್ತ ಮೇಲೆ ಸಂದಿ ನೋಡಿ. ಇಂಟರ್‌ಲಾಕ್ ಟೈಲ್ಸ್ ನಡುವೆ ಧೂಳು, ಒಣಗಿದ ಎಲೆ ಸೇರಿ ಮಣ್ಣಾಗಿರುತ್ತದೆ. ಬೀಜಕ್ಕೆ ಅದೇ ಮಡಿ. ಅದನ್ನು ಕೆರೆದು ತೆಗೆದು ಒಣ ಎಂ-ಸ್ಯಾಂಡ್ ತುಂಬಿ ಗುಡಿಸಿ. ಎಲ್ಲ ಕಡೆ ಒಂದೇ ಸಲ ಆಗುವುದಿಲ್ಲ, ನೀರು ನಿಲ್ಲುವ ಕಡೆಯಿಂದ ಶುರು ಮಾಡಿ.

ಗರಿಕೆ, ಜೇಕು ಇದ್ದರೆ ಲೆಕ್ಕ ಬೇರೆ. ಜೇಕಿಗೆ ನೆಲದೊಳಗೆ ಗೆಡ್ಡೆ ಇರುತ್ತದೆ, ಕಿತ್ತಷ್ಟೂ ಬರುತ್ತದೆ. ಕೆಲವು ಕಡೆ ಟೈಲ್ಸ್ ಎತ್ತಿಯೇ ತೆಗೆಯಬೇಕಾಗಬಹುದು, ಜಾಗ ನೋಡದೆ ನಾನು ಹೇಳಲಾರೆ. ಅರಳಿ, ಆಲದ ಸಸಿ ಮಾತ್ರ ಬೆರಳುದ್ದ ಇದ್ದಾಗಲೇ ಕೀಳಿ. ತಡಮಾಡಿದರೆ ಚಪ್ಪಡಿ ಎದ್ದುಬಿಡುತ್ತದೆ.

ಮೇಷ್ಟ್ರ ರಸ್ತೆಯವರು ಈಗ ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಸೇರುತ್ತಾರೆ. ಮೊದಲ ವರ್ಷ ಗಿಡ ಕಡಿಮೆಯಾದಂತೆ ಕಾಣಲೇ ಇಲ್ಲ, ಇಬ್ಬರು ಬಿಟ್ಟೂ ಹೋದರು. ಈ ಸಲ ಹೋದಾಗ ಒಂದು ಚೀಲವೂ ತುಂಬಿರಲಿಲ್ಲ. ದೊಡ್ಡಗೋಣಿ ಸೊಪ್ಪನ್ನು ಮಾತ್ರ ಅವರು ಕೀಳುವುದಿಲ್ಲ. ಅದನ್ನು ಅಜ್ಜಿಗೆ ಬಿಟ್ಟಿದ್ದಾರೆ.