ಸುಮ್ಮನಿರುವ ಹೊಟ್ಟೆಯೇ ನಮಗೆ ಭಯ

"ಡಾಕ್ಟ್ರೇ, ಹೊಟ್ಟೆ ಗುರ್ ಅನ್ನುತ್ತೆ. ಎಲ್ಲರೂ ಸುಮ್ಮನೆ ಕೂತಿರುವಾಗಲೇ ಶುರುವಾಗುತ್ತೆ, ಮಾನ ಹೋಗುತ್ತೆ." ಈ ದೂರು ನನಗೆ ಹೊಸದಲ್ಲ. ಎಲ್ಲಿ ಅಂತ ಕೇಳಿದರೆ ಅಂಗೈಯನ್ನು ಹೊಕ್ಕುಳ ಮೇಲೆ ಇಡುತ್ತಾರೆ. ನಮ್ಮ ಮಾತಿನಲ್ಲಿ ಎದೆಯಿಂದ ಕೆಳಗಿರುವುದೆಲ್ಲ ಹೊಟ್ಟೆಯೇ ಅಲ್ವಾ? ಊಟ ಹೋಗಿ ಬೀಳುವ ಚೀಲ, ಅಂದರೆ ಜಠರ, ಇರುವುದು ಇನ್ನೂ ಮೇಲೆ, ಎಡಗಡೆ ಪಕ್ಕೆಲುಬಿನ ಮರೆಯಲ್ಲಿ. ಹೊಕ್ಕುಳ ಸುತ್ತ ಸುರುಳಿ ಸುತ್ತಿಕೊಂಡಿರುವುದು ಸಣ್ಣ ಕರುಳು. ಗುರ್ ಅನ್ನುವುದರಲ್ಲಿ ಬಹುಪಾಲು ಅದರದ್ದೇ.

ಊಟ ಅರಗಿ ಎಲ್ಲ ಖಾಲಿಯಾದ ಮೇಲೆ ಒಳಗೆ ಗುಡಿಸುವ ಕೆಲಸ ಶುರುವಾಗುತ್ತದೆ. ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಜಠರದಲ್ಲಿ ಜೋರಾಗಿ ಹಿಂಡುವ ಅಲೆಗಳು ಎದ್ದು, ಸಣ್ಣ ಕರುಳಿನ ಉದ್ದಕ್ಕೂ ಮೆಲ್ಲಗೆ ಇಳಿಯುತ್ತವೆ. ಅರಗದೆ ಉಳಿದ ನಾರು, ಲೋಳೆ, ಉದುರಿದ ಜೀವಕೋಶ, ಅಲ್ಲೇ ಬೀಡುಬಿಡಲು ನೋಡುವ ಬ್ಯಾಕ್ಟೀರಿಯಾ, ಎಲ್ಲವನ್ನೂ ದೊಡ್ಡ ಕರುಳಿನ ಕಡೆಗೆ ತಳ್ಳುತ್ತವೆ. ಆಗ ಒಳಗಿರುವುದು ಗಾಳಿ ಮತ್ತು ಒಂದಿಷ್ಟು ನೀರು. ಅರ್ಧ ನೀರಿರುವ ಪ್ಲಾಸ್ಟಿಕ್ ಬಾಟಲಿಯನ್ನು ಮುಚ್ಚಳ ಹಾಕಿ ಹಿಂಡಿ ನೋಡಿ, ಹೆಚ್ಚುಕಮ್ಮಿ ಅದೇ ಗುಳುಗುಳು. ಊಟ ತುಂಬಿದ್ದಾಗಲೂ ಕರುಳು ಸದ್ದು ಮಾಡುತ್ತದೆ, ಆದರೆ ಆ ಊಟವೇ ಹೊದಿಕೆಯಂತೆ ಸದ್ದನ್ನು ಅಡಗಿಸಿಬಿಡುತ್ತದೆ.

ಏನಾದರೂ ತಿಂದ ಕೂಡಲೇ ಈ ಗುಡಿಸುವಿಕೆ ನಿಲ್ಲುತ್ತದೆ. ದಿನವಿಡೀ ಬಾಯಾಡಿಸುತ್ತಲೇ ಇರುವವರಲ್ಲಿ ಪೊರಕೆಗೆ ಸರದಿ ಸಿಗುವುದೇ ಕಮ್ಮಿ.

ಆದ್ದರಿಂದ ಬರೀ ಸದ್ದಿಗೆ ಅಂತ ನಾನು ಮಾತ್ರೆ ಬರೆಯುವುದಿಲ್ಲ. ನಮಗೆ ಚಿಂತೆ ಹತ್ತುವುದು ಹೊಟ್ಟೆ ಸುಮ್ಮನಾದಾಗ. ದೊಡ್ಡ ಆಪರೇಷನ್ ಆದ ಮೇಲೆ ಕರುಳು ಕೆಲವು ದಿನ ಮುಷ್ಕರ ಹೂಡುವುದುಂಟು. ಹೊಟ್ಟೆ ಉಬ್ಬಿಕೊಂಡು, ಸ್ಟೆತಸ್ಕೋಪಿಗೆ ಏನೂ ಕೇಳದಿದ್ದರೆ ನಮ್ಮ ಮುಖ ಸಪ್ಪಗಾಗುತ್ತದೆ. ರೋಗಿ ನಾಚಿಕೊಂಡು "ಗ್ಯಾಸ್ ಹೋಯ್ತು" ಅಂದ ದಿನ ವಾರ್ಡ್‌ನಲ್ಲಿ ನರ್ಸ್‌ನಿಂದ ಹಿಡಿದು ಸರ್ಜನ್‌ವರೆಗೆ ಎಲ್ಲರಿಗೂ ಖುಷಿ. ಇಷ್ಟೊಂದು ಮರ್ಯಾದೆ ಅದಕ್ಕೆ ಬೇರೆಲ್ಲೂ ಸಿಗಲಿಕ್ಕಿಲ್ಲ.

ಇನ್ನೊಂದು ದೂರು: "ತಿಂದದ್ದು ನಿಲ್ಲೋದೇ ಇಲ್ಲ, ಊಟ ಆದ ತಕ್ಷಣ ಟಾಯ್ಲೆಟ್‌ಗೆ ಓಡಬೇಕು." ಹೊರಗೆ ಹೋಗುವುದು ಈಗಷ್ಟೇ ತಿಂದದ್ದಲ್ಲ. ನಿನ್ನೆಯದೋ ಮೊನ್ನೆಯದೋ ಇರಬೇಕು. ಜಠರ ಹಿಗ್ಗಿದ ಸುದ್ದಿ ನರಗಳ ಮೂಲಕ ದೊಡ್ಡ ಕರುಳಿಗೆ ಮುಟ್ಟುತ್ತದೆ, ಅದು ಮುಂದೆ ಜಾಗ ಖಾಲಿ ಮಾಡುತ್ತದೆ, ಅಷ್ಟೇ. ಕೆಲವರಲ್ಲಿ ಈ ಸುದ್ದಿ ಸ್ವಲ್ಪ ಜಾಸ್ತಿ ಜೋರಾಗಿ ಮುಟ್ಟುತ್ತದೆ.

ನನಗೆ ಇವತ್ತಿಗೂ ಸೋಜಿಗ ಅನ್ನಿಸುವುದು ನೋವಿನ ವಿಷಯ. ಎಂಡೋಸ್ಕೋಪಿ ಮಾಡುವಾಗ ಕೆಲವರಿಗೆ ನಿದ್ದೆಯ ಮದ್ದು ಕೊಡದೆ, ಗಂಟಲಿಗೆ ಸ್ಪ್ರೇ ಮಾತ್ರ ಹೊಡೆದಿರುತ್ತೇವೆ. ಪರದೆಯ ಮೇಲೆ ಜಠರದ ಗುಲಾಬಿ ಮಡಿಕೆಗಳು. ಗಾಳಿ ಬಿಟ್ಟಂತೆಲ್ಲ ಮಡಿಕೆ ಬಿಚ್ಚಿಕೊಳ್ಳುತ್ತದೆ. ಪುಟ್ಟ ಇಕ್ಕಳ ತೂರಿಸಿ ಒಳಗೋಡೆಯಿಂದ ಗುಂಡುಸೂಜಿಯ ತಲೆಯಷ್ಟು ಚೂರು ಕೀಳುತ್ತೇನೆ, ಒಂದು ಹನಿ ರಕ್ತ ಜಿನುಗುತ್ತದೆ. ರೋಗಿಗೆ ಅದು ಗೊತ್ತೇ ಆಗುವುದಿಲ್ಲ. ಅದೇ ಗಾಳಿ ಸ್ವಲ್ಪ ಜಾಸ್ತಿಯಾದರೆ ಸಾಕು, ಹುಬ್ಬು ಗಂಟಿಕ್ಕುತ್ತದೆ. ಅಲ್ಲಿನ ನರಗಳು ಹಿಗ್ಗಿದರೆ ಕೂಗುತ್ತವೆ, ಕತ್ತರಿಸಿದರೆ ಸುಮ್ಮನಿರುತ್ತವೆ.

ಇದರಿಂದಲೇ ಒಂದು ಎಡವಟ್ಟೂ ಆಗುತ್ತದೆ. ಕರುಳಿನ ತಿರುವಿನಲ್ಲಿ ಸಿಕ್ಕಿಕೊಂಡ ಗ್ಯಾಸ್ ರಾತ್ರಿಯಿಡೀ ಒದ್ದಾಡಿಸುತ್ತದೆ. ಆದರೆ ಜಠರದ ಹುಣ್ಣೊಂದು ಒಂದಿಷ್ಟೂ ನೋಯದೆ ದಿನಗಟ್ಟಲೆ ರಕ್ತ ಸುರಿಸಬಹುದು. ಸುಸ್ತು, ತಲೆಸುತ್ತು ಅಂತ ಬಂದವರಿಗೆ ಮಲದ ಬಣ್ಣ ಕೇಳಿದರೆ ಮುಜುಗರ ಪಡುತ್ತಾರೆ. ಟಾರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿದ್ದರೆ ನಾಳೆಗೆ ಅಂತ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಬನ್ನಿ. ಬಂದವರನ್ನು ನಾನು ಮೊದಲು ಕೇಳುವುದು ಮಾತ್ರ ಇನ್ನೊಂದು ಪ್ರಶ್ನೆ: "ಕಬ್ಬಿಣದ ಮಾತ್ರೆ ಏನಾದರೂ ತಗೊಳ್ತಿದ್ದೀರಾ?" ಅದರಿಂದಲೂ ಮಲ ಕಪ್ಪಾಗುತ್ತದೆ.