ಬರೀ ಎದಿ ಹಾಲು ಕುಡಿಯೋ ಕೂಸಿಗೂ ಕೀವು ಗುಳ್ಳಿ ಯಾಕ ಬರ್ತಾವ?

ಪ್ರಶ್ನೆ: ನಂದು ಮೊದಲನೇ ಹೆರಿಗೆ, ಗಂಗಾವತಿ ಹತ್ರ ತವರುಮನ್ಯಾಗ ಅದೀನಿ. ಕೂಸಿಗೆ ಈಗ ಇಪ್ಪತ್ತು ದಿನ, ಬರೀ ಎದಿ ಹಾಲೇ ಕುಡಿತೈತಿ. ಕುತ್ತಿಗಿ ಮಡಿಕ್ಯಾಗ, ಕಂಕಳಾಗ ಸಣ್ಣ ಸಣ್ಣ ಕೀವು ಗುಳ್ಳಿ ಎದ್ದಾವ. ತಾಯಿ ಇಮ್ಯೂನಿಟಿ ಆರು ತಿಂಗಳ ತನಕ ಕೂಸನ್ನ ಕಾಯ್ತೈತಿ ಅಂತಾರಲ್ಲ, ಹಂಗಿದ್ರ ಇವು ಯಾಕ ಬಂದ್ವು? ನಾನು ಬದನಿಕಾಯಿ ತಿಂದು ಹಾಲು ನಂಜಾಗೈತಿ ಅಂತ ನಮ್ಮತ್ತಿ ಫೋನ್ ಮಾಡಿ ಬೈತಾರ. ಹಾಲು ಬಿಡಿಸ್ಲೇನ್ರಿ?

ಬದನಿಕಾಯಿದು ಮೊದಲು ಮುಗಿಸ್ಬಿಡೋಣ. ನೀವು ತಿಂದ ಬದನಿಕಾಯಿಗೂ ಕೂಸಿನ ಕೀವಿಗೂ ಏನೂ ಸಂಬಂಧ ಇಲ್ಲ. ಕೀವು ಬರೋದು ಬ್ಯಾಕ್ಟೀರಿಯಾದಿಂದ, ಅದು ಬರೋದು ಮನುಷ್ಯರ ಕೈ ಮತ್ತ ಮೂಗಿನಿಂದ, ಅಡಿಗಿಮನಿಯಿಂದ ಅಲ್ಲ. ಹಾಲು ಬಿಡಿಸ್ಬ್ಯಾಡ್ರಿ. ಇನ್ನ ನಿಮ್ಮ ಅಸಲಿ ಪ್ರಶ್ನೆಗೆ ಬರೋಣ, ಅದು ಭಾಳ ಚಲೋ ಪ್ರಶ್ನೆ.

ತಾಯಿಯಿಂದ ಕೂಸಿಗೆ ಆಂಟಿಬಾಡಿ (ರೋಗಾಣು ಜೊತಿ ಹೋರಾಡೋ ಪ್ರೋಟೀನು) ಹೋಗೋದು ಎರಡು ದಾರಿಯೊಳಗ. ಒಂದು, ಹೊಟ್ಟ್ಯಾಗ ಇದ್ದಾಗ ಮಾಸಿನ ಮೂಲಕ. ಇದು ಐಜಿಜಿ ಅನ್ನೋ ಜಾತಿ, ತಾಯಿ ರಕ್ತದಿಂದ ಕೂಸಿನ ರಕ್ತಕ್ಕ ಸೀದಾ ಹೋಗ್ತೈತಿ, ಅದೂ ಬಹುಪಾಲು ಕೊನೀ ಮೂರು ತಿಂಗಳಾಗ. ತುಂಬಿದ ದಿನಕ್ಕ ಹುಟ್ಟಿದ ಕೂಸಿನ ರಕ್ತದಾಗ ತಾಯಿಗಿಂತ ಸ್ವಲ್ಪ ಜಾಸ್ತಿನೇ ಐಜಿಜಿ ಇರಬೋದು, ಏಳು ತಿಂಗಳಿಗೇ ಹುಟ್ಟಿದ ಕೂಸಿಗೆ ಅದು ಅರ್ಧದಾಗೇ ನಿಂತಿರ್ತೈತಿ. ಎರಡನೇದು ಎದಿ ಹಾಲು. ಅದರಾಗ ಹೆಚ್ಚಿರೋದು ಐಜಿಎ, ಹೆರಿಗಿ ಆದ ಕೂಡ್ಲೇ ಬರೋ ಆ ಹಳದಿ ಗಟ್ಟಿ ಹಾಲಿನ್ಯಾಗಂತೂ ದಂಡಿ ಇರ್ತೈತಿ (ಇದನ್ನ ಇನ್ನೂ ಹಿಂಡಿ ಚೆಲ್ಲೋ ಮನಿಗಳು ನಮ್ಮ ಕಡೆ ಅದಾವ, ಕೇಳಿದ್ರ ಹೊಟ್ಟಿ ಉರಿತೈತಿ). ಆದ್ರ ಒಂದು ಮಾತು, ಈ ಐಜಿಎ ಕೂಸಿನ ರಕ್ತಕ್ಕ ಹೋಗಂಗಿಲ್ಲ. ಗಂಟಲು, ಹೊಟ್ಟಿ, ಕರುಳಿನ ಒಳಗೋಡಿ ಮ್ಯಾಲೇ ಇದ್ದು ಅಲ್ಲೇ ಕೆಲಸ ಮಾಡ್ತೈತಿ. ಹಂಗಾಗಿ ಎದಿ ಹಾಲು ಕುಡಿಯೋ ಕೂಸಿಗೆ ವಾಂತಿ ಭೇದಿ ಕಡಿಮಿ. ಕುತ್ತಿಗಿ ಚರ್ಮದ ಮ್ಯಾಲಿಂದು ಅದರ ಕೈಗೆ ಸಿಗಂಗಿಲ್ಲ.

ಮಾಸಿನಿಂದ ಬಂದಿದ್ದು ತವರಿನಿಂದ ಕಟ್ಟಿಕೊಟ್ಟ ಬುತ್ತಿ ಇದ್ದಂಗ, ದಾರ್ಯಾಗ ಉಣ್ತಾ ಹೋದಂಗ ಖಾಲಿ ಆಗ್ತೈತಿ, ಮತ್ತ ತುಂಬೋರು ಇಲ್ಲ. ಹೆಚ್ಚು ಕಡಿಮಿ ಮೂರ್ನಾಕು ವಾರಕ್ಕೊಮ್ಮಿ ಅದು ಅರ್ಧಕ್ಕ ಇಳಿತೈತಿ, ಮೂರರಿಂದ ಆರು ತಿಂಗಳ ನಡುಕ ಕೂಸಿನ ಐಜಿಜಿ ತಳ ಮುಟ್ಟಿರ್ತೈತಿ, ಆ ಮ್ಯಾಲ ಕೂಸಿನ ಸ್ವಂತದ್ದು ಏರ್ತಾ ಬರ್ತೈತಿ. ಈ "ಆರು ತಿಂಗಳ ಇಮ್ಯೂನಿಟಿ" ಅನ್ನೋ ಮಾತು ನನಗನಿಸೋ ಮಟ್ಟಿಗೆ ಆರು ತಿಂಗಳು ಬರೀ ಎದಿ ಹಾಲು ಕೊಡ್ರಿ ಅನ್ನೋ ಸಲಹಿ ಜೊತಿ ಕಲಸಿಹೋಗಿ ಹುಟ್ಟಿದ್ದು.

ಇನ್ನ ತಾಯಿ ಆಂಟಿಬಾಡಿ ಸುಳ್ಳು ಅಂತ ತಿಳ್ಕೋಬ್ಯಾಡ್ರಿ. ಬಸುರಿದ್ದಾಗ ನಿಮಗ ಟಿಡಿ ಇಂಜೆಕ್ಷನ್ ಹಾಕಿರ್ತಾರಲ್ಲ, ಅದು ನಿಮಗಷ್ಟೇ ಅಲ್ಲ, ಹೊಕ್ಕಳ ಕೊಯ್ದ ಜಾಗದಿಂದ ಕೂಸಿಗೆ ಧನುರ್ವಾಯು ಆಗಬಾರ್ದು ಅಂತ. ಎಳೇ ಕೂಸಿನ ಧನುರ್ವಾಯು ನಮ್ಮ ದೇಶದಾಗ ಹತೋಟಿಗೆ ಬಂತು ಅಂತ 2015ರಾಗ ಘೋಷಣೆ ಆಯ್ತು, ಆಸ್ಪತ್ರಿ ಹೆರಿಗಿ ಜೊತಿ ಈ ಇಂಜೆಕ್ಷನ್ದೂ ಅದರಾಗ ದೊಡ್ಡ ಪಾಲು. ದಡಾರದ ಲಸಿಕಿ ಒಂಬತ್ತು ತಿಂಗಳ ತನಕ ಯಾಕ ಕಾಯ್ತಾರ? ತಾಯಿ ಆಂಟಿಬಾಡಿ ಕೂಸಿನ ರಕ್ತದಾಗ ಇನ್ನೂ ಇದ್ರ ಲಸಿಕೀನೂ ನೆಟ್ಟಗ ಹಿಡಿಯಾಕ ಬಿಡಂಗಿಲ್ಲ, ಅಷ್ಟು ಗಟ್ಟಿ ಅದು.

ಹಂಗಿದ್ರ ಕೀವಿನ ಮುಂದ ಯಾಕ ಸೋಲ್ತೈತಿ? ಇದೇ ತಿಳ್ಕೊಳ್ಳೋ ವಿಷಯ.

ಕೂಸುಗಳಿಗೆ ಆಗೋ ಕೀವು ಗುಳ್ಳಿಗೆ ಬಹುಪಾಲು ಕಾರಣ ಸ್ಟ್ಯಾಫಿಲೋಕಾಕಸ್ ಆರಿಯಸ್ (ಚಿಕ್ಕದಾಗಿ ಸ್ಟ್ಯಾಫ್) ಅನ್ನೋ ಬ್ಯಾಕ್ಟೀರಿಯಾ. ಸುಮಾರು ಮೂರರಾಗ ಒಬ್ಬರ ಮೂಗಿನ್ಯಾಗ ಇದು ಯಾವ ತ್ರಾಸೂ ಕೊಡ್ದ ಆರಾಮ ಕೂತಿರ್ತೈತಿ. ಇದರ ವಿರುದ್ಧ ಆಂಟಿಬಾಡಿ ದೊಡ್ಡವರು ಎಲ್ರಲ್ಲೂ ಹೆಚ್ಚೂಕಡಿಮಿ ಇರ್ತಾವ, ನಿಮ್ಮಿಂದ ಕೂಸಿಗೂ ಹೋಗಿರ್ತಾವ. ಆದ್ರ ಈ ಬ್ಯಾಕ್ಟೀರಿಯಾ ಕಿಲಾಡಿ, ಪ್ರೋಟೀನ್ ಎ ಅನ್ನೋದನ್ನ ಮೈಮ್ಯಾಲ ಇಟ್ಕೊಂಡು ಆಂಟಿಬಾಡಿಯ ಬಾಲ ಹಿಡಿದುಬಿಡ್ತೈತಿ, ಬಿಳಿ ರಕ್ತಕಣಗಳನ್ನ ಕರೆಯೋದು ಆ ಬಾಲನೇ, ಅದನ್ನೇ ಹಿಡಿದ್ರ ಆಂಟಿಬಾಡಿ ಇದ್ದೂ ಇಲ್ಲದಂಗ. ಚರ್ಮದ ಕೀವನ್ನ ತಡೆಯೋ ಹೆಚ್ಚಿನ ಕೆಲಸ ಬಿಳಿ ರಕ್ತಕಣಗಳದ್ದು ಮತ್ತ ಗಟ್ಟಿ ಚರ್ಮದ್ದು, ಎಳೇ ಕೂಸಿಗೆ ಎರಡೂ ಇನ್ನೂ ಹಸಿ. ನಮ್ಮ ಊರಾಗೇ ನೋಡ್ರಿ, ಒಮ್ಮಿ ಕುರು ಆದವರಿಗೆ ಮತ್ತ ಆಗಂಗಿಲ್ಲ ಅಂತ ಐತೇನು? ವರ್ಷಾ ವರ್ಷಾ ಆಗೋರು ಅದಾರ. ಈ ಬ್ಯಾಕ್ಟೀರಿಯಾಕ್ಕ ಲಸಿಕಿ ಮಾಡಾಕ ದೊಡ್ಡ ದೊಡ್ಡ ಪ್ರಯತ್ನ ಆಗ್ಯಾವ, ಯಾವುದೂ ಗೆದ್ದಿಲ್ಲ.

ಆದ್ರೂ ಒಂದು ಕಡೆ ನಿಮ್ಮ ಆಂಟಿಬಾಡಿ ಭಾಳ ಉಪಯೋಗಕ್ಕ ಬರ್ತೈತಿ. ಸ್ಟ್ಯಾಫಿನ ಕೆಲವು ತಳಿ ಒಂದು ವಿಷ ಬಿಡ್ತಾವ, ಅದು ರಕ್ತದಾಗ ಸೇರಿ ಚರ್ಮದ ಮ್ಯಾಲಿನ ಪದರ ಹಿಡಿದಿಟ್ಟಿರೋ ಡೆಸ್ಮೋಗ್ಲೀನ್ 1 ಅನ್ನೋ ಅಂಟನ್ನ ಕತ್ತರಿಸ್ತೈತಿ, ಮೈಯೆಲ್ಲ ಕುದಿನೀರು ಬಿದ್ದಂಗ ಕೆಂಪಾಗಿ ಸಿಪ್ಪಿ ಸುಲಿತೈತಿ. ಪ್ರಾಗ್ ಊರಿನ ರಿಟ್ಟರ್ ಅನ್ನೋ ಡಾಕ್ಟರು 1878ರಾಗೇ ಇದನ್ನ ಬರೆದಿಟ್ಟಿದ್ದಕ್ಕ ರಿಟ್ಟರ್ ಕಾಯಿಲಿ ಅಂತಾನೂ ಅಂತಾರ. ತಾಯಿಗೆ ಈ ವಿಷದ ಆಂಟಿಬಾಡಿ ಇದ್ರ ಕೂಸಿಗೂ ಬಂದಿರ್ತೈತಿ, ವಿಷ ರಕ್ತದಾಗೇ ಸೋಲ್ತೈತಿ. ತಾಯಿಗೇ ಇಲ್ಲದ್ದನ್ನ ಕೂಸಿಗೆ ಎಲ್ಲಿಂದ ಕೊಡ್ಬೇಕು, ಮ್ಯಾಲ ಎಳೇ ಕೂಸಿನ ಕಿಡ್ನಿ ಆ ವಿಷ ಬ್ಯಾಗ ಹೊರಗ ಹಾಕಂಗಿಲ್ಲ, ಹಂಗಾಗಿ ಇದು ಹೆಚ್ಚಾಗಿ ಸಣ್ಣೋರಿಗೇ ಬರ್ತೈತಿ. ಅಪರೂಪ, ಆದ್ರ ಕೂಸನ್ನ ಮುಟ್ಟಿದ್ರ ಕಿಟಾರಂತ ಚೀರಿದ್ರ, ಬಾಯಿ ಸುತ್ತ ಕೆಂಪಾಗಿ ಚರ್ಮ ಸುಲಿದ್ರ ಒಂದು ಗಂಟಿನೂ ಕಾಯಬ್ಯಾಡ್ರಿ.

ಈಗ ನಿಮ್ಮ ಕೂಸಿನ ಕುತ್ತಿಗಿಗೆ ಬರೋಣ. ಕೂಸಿನ ಗದ್ದ ಮೆಲ್ಲಕ ಎತ್ತಿ ಆ ಮಡಿಕಿ ಬಿಡಿಸಿ ನೋಡ್ರಿ. ಹಾಲು ಇಳಿದು ಒಣಗಿರ್ತೈತಿ, ಅದರ ಮ್ಯಾಲ ಪೌಡರು ಹಾಕಿದ್ದು ಬೆವರಿಗೆ ಕಲಸಿ ಹಿಟ್ಟಿನಂಗ ಕೂತಿರ್ತೈತಿ, ಕೆಳಗ ಚರ್ಮ ಕೆಂಪು. ನಲವತ್ತು ಡಿಗ್ರಿ ದಾಟೋ ನಮ್ಮ ಬ್ಯಾಸಿಗ್ಯಾಗ ಕೂಸಿಗೆ ಗಾಳಿ ತಾಗಬಾರ್ದು ಅಂತ ಕುಂಚಿಗಿ ಕಟ್ಟಿ ದುಪ್ಪಡಿ ಸುತ್ತಿ ಮಲಗಿಸ್ತಾರ, ಬೆವರಸಾಲಿ ಏಳ್ತಾವ, ಅದರ ಮ್ಯಾಲ ಸ್ಟ್ಯಾಫ್ ಬಂದು ಕೂಡ್ತೈತಿ. ಎರಿಯಾಕ ಬರೋ ಆಯಿ ಒಂದೇ ದಿನ ನಾಕು ಮನಿ ಕೂಸು ಎರಿತಾಳ, ಅವಳ ಕೈ ಸಬಕಾರದಿಂದ ತೊಳ್ಕೊಂಡು ಶುರು ಮಾಡ್ಲಿ, ಕೇಳಾಕ ನಾಚಬ್ಯಾಡ್ರಿ. ಮೈಮ್ಯಾಲಿನ ಕೂದಲು ಹೋಗ್ಲಿ ಅಂತ ಕಡಲಿಹಿಟ್ಟು ಹಾಕಿ ಗಸಗಸ ತಿಕ್ಕೋದು ಬಿಡಿಸ್ರಿ, ಕಣ್ಣಿಗೆ ಕಾಣದ ಗಾಯ ಆಗ್ತಾವ, ಬ್ಯಾಕ್ಟೀರಿಯಾಕ್ಕ ಅಷ್ಟೇ ಸಾಕು. ಉಗುರುಬೆಚ್ಚಗಿನ ನೀರು, ಮೆತ್ತನ ಅರಿವಿಲೆ ಒತ್ತಿ ಒರೆಸೋದು, ಸಡ್ಲ ಕಾಟನ್ ಅಂಗಿ, ಇಷ್ಟು ಮಾಡಿದ್ರ ಬೆವರಸಾಲಿ ಎಷ್ಟೋ ಇಳಿತಾವ. ಗುಳ್ಳಿ ಹಿಚುಕಬ್ಯಾಡ್ರಿ, ಅರಿಶಿಣ ಬೂದಿ ಏನೂ ಹಚ್ಚಬ್ಯಾಡ್ರಿ. ಮೆಡಿಕಲ್ ಶಾಪಿನ್ಯಾಗ ಕೇಳಿ ತರೋ ಟ್ಯೂಬು ಇನ್ನೂ ಅಪಾಯ, ಭಾಳಷ್ಟರಾಗ ಸ್ಟೀರಾಯ್ಡ್ ಕಲಸಿರ್ತಾರ, ಕೆಂಪು ಇಳಿದಂಗ ಕಾಣ್ತೈತಿ ಒಳಗ ಸೋಂಕು ಬೆಳಿತಿರ್ತೈತಿ.

ಎಲ್ಲಾ ಗುಳ್ಳಿನೂ ಸೋಂಕಲ್ಲ. ಹುಟ್ಟಿದ ಎರಡು ಮೂರನೇ ದಿನಕ್ಕ ಮೈತುಂಬ ಕೆಂಪು ಮಚ್ಚಿ, ನಡುವ ಬಿಳಿ ಚುಕ್ಕಿ ಎದ್ದು, ಒಂದು ಕಡೆ ಮಾಯ ಆಗಿ ಇನ್ನೊಂದು ಕಡೆ ಬರ್ತಾವಲ್ಲ, ಅವು ತಾವೇ ಹೋಗ್ತಾವ. ನಿಮ್ಮ ಕೂಸಿಗೆ ಕೀವು ಅಂತ ಬರೆದೀರಿ, ದಿನ ಇಪ್ಪತ್ತು, ಆದ್ದರಿಂದ ಎರಡು ಗುಳ್ಳಿ ಇದ್ರೂ ಡಾಕ್ಟರಿಗೆ ತೋರಿಸ್ರಿ, ಆಂಟಿಬಯೋಟಿಕ್ ಬೇಕಾಗಬೋದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೀವು ಗುಳ್ಳಿ ಇದ್ರ, ಇಲ್ಲಾ ಒಂದೇ ದೊಡ್ಡ ಕುರು ಇದ್ರ, ಎರಡು ತಿಂಗಳೊಳಗಿನ ಕೂಸಿಗೆ ಅದು ಗಂಭೀರ ಲಕ್ಷಣ. ಹೊಕ್ಕಳ ಸುತ್ತ ಕೆಂಪು ಹಬ್ಬೋದು, ಕಂಕಳಾಗ ಇಟ್ಟ ಥರ್ಮಾಮೀಟರು 99.5 ಫ್ಯಾರನ್‌ಹೀಟ್ ದಾಟೋದು ಅಥವಾ ಕೂಸಿನ ಮೈ ತಣ್ಣಗಾಗೋದು, ಹಾಲು ಎಳಿಯಾಕ ಬಿಡೋದು, ಸುಮ್ಮ ಮಂಕಾಗಿ ಬಿದ್ದಿರೋದು, ನಿಮಿಷಕ್ಕ ಅರವತ್ತು ಅಥವಾ ಹೆಚ್ಚು ಸಲ ಉಸಿರಾಡೋದು, ಇವುಗಳಾಗ ಒಂದು ಕಂಡ್ರೂ 108ಕ್ಕ ಫೋನ್ ಹಚ್ರಿ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರ್ಯಾಗ ಎಳೇ ಕೂಸುಗಳಿಗೇ ಬ್ಯಾರೆ ಘಟಕ ಇರ್ತೈತಿ, ಒಂದು ವರ್ಷದ ತನಕ ಕಾಯಿಲಿ ಬಿದ್ದ ಕೂಸಿಗೆ ಸರ್ಕಾರಿ ಆಸ್ಪತ್ರ್ಯಾಗ ಔಷಧ, ಟೆಸ್ಟ್, ಗಾಡಿ ಎಲ್ಲಾ ಪುಕ್ಕಟೆ. ಆಸ್ಪತ್ರಿ ಹೆರಿಗಿ ಆಗಿದ್ರ ಆಶಾ ಅಕ್ಕ 21ನೇ ದಿನಕ್ಕ ಮನಿಗೆ ಬರ್ಬೇಕು, ಆದ್ರ ಡಾಕ್ಟರ್ ಹತ್ರ ಹೋಗಾಕ ಅವರು ಬರ್ಲಿ ಅಂತ ಕಾಯ್ಬ್ಯಾಡ್ರಿ, ಇವತ್ತೇ ಫೋನ್ ಮಾಡಿ ಹೇಳ್ರಿ.

ಹಾಲಿನ ಮಾತು ಇನ್ನೊಂದು ಉಳಿತು. ನಿಮ್ಮ ಎದಿಯೊಳಗೇ ಗಡ್ಡಿ ಕಟ್ಟಿ ಕೆಂಪಾಗಿ ಜ್ವರ ಬಂದ್ರ ಅದಕ್ಕೂ ಬಹಳ ಸಲ ಇದೇ ಸ್ಟ್ಯಾಫ್ ಕಾರಣ, ಆಗಲೂ ಸಾಮಾನ್ಯವಾಗಿ ಹಾಲು ಕೊಡ್ತಾ ಇರಬೇಕು, ನಿಲ್ಲಿಸಿದ್ರ ಹಾಲು ಕಟ್ಟಿ ನೋವು ಹೆಚ್ಚಾಗ್ತೈತಿ. ಕೀವು ಆಗಿದ್ರ ಮಾತ್ರ ಆ ಎದಿ ಹಾಲು ಕೊಡೋದ್ರ ಬಗ್ಗೆ ಡಾಕ್ಟರನ್ನ ಕೇಳ್ರಿ, ಇನ್ನೊಂದರದ್ದು ಕೊಡ್ರಿ. ಅತ್ತಿಯೋರು ಮತ್ತ ಫೋನ್ ಮಾಡಿದ್ರ ಡಾಕ್ಟರ್ ಹಾಲು ಬಿಡಿಸ್ಬ್ಯಾಡ ಅಂದಾರ ಅಂತ ಹೇಳಾಕ ನಿಮ್ಮವ್ವನ ಕೈಗೇ ಫೋನ್ ಕೊಡ್ರಿ, ಬೀಗರು ಬೀಗರು ಮಾತಾಡ್ಕೊಳ್ಳಿ.